ಪೈಪಕ್ಕನ ಮೆಷಿನ್, ಅತ್ತೆಯ ಆಸಿಡ್

ಅಡುಗೆಮನೆಯ ಸಿಂಕ್ ಮತ್ತೆ ಕಟ್ಟಿಕೊಂಡಿತ್ತು. ಪಾತ್ರೆ ತೊಳೆದ ನೀರು ಇಳಿಯುವ ಬದಲು, ಎಣ್ಣೆಯ ಪದರ ಹೊತ್ತು ಅಲ್ಲೇ ನಿಂತಿತ್ತು. ಸೊಸೆ ಮನೆಯಲ್ಲೇ ಅಡುಗೆ ಮಾಡಿ ಆಫೀಸುಗಳಿಗೆ ಊಟದ ಡಬ್ಬಿ ಕಳಿಸುವವಳು. ಸಿಂಕ್ ನಿಂತರೆ ಅವಳ ಕೆಲಸವೂ ನಿಂತಂತೆ.

"ಸ್ವಲ್ಪ ಆಸಿಡ್ ಸುರಿ, ಮುಗೀತು," ಎಂದರು ಅತ್ತೆ.

"ಬೇಡ ಅತ್ತೆ. ಹೋದ ಸಲ ಆ ಹೊಗೆಗೆ ನಿಮ್ಮ ಮಗ ಕೆಮ್ಮಿ ಕೆಮ್ಮಿ ಸುಸ್ತಾದ್ರು. ಇನ್ಮೇಲೆ ಈ ಮನೇಲಿ ಆಸಿಡ್ ಮಾತೇ ಬೇಡ. ಪೈಪಕ್ಕನಿಗೆ ಹೇಳಿದ್ದೀನಿ, ನಾಳೆ ಬರ್ತಾಳೆ."

ಪೈಪಕ್ಕ ಎಂದರೆ ಪಕ್ಕದ ಬೀದಿಯ ಪ್ಲಂಬರ್. ಅದು ಬೀದಿಯ ಮಕ್ಕಳು ಇಟ್ಟ ಹೆಸರು. ಈಗ ಅವಳ ಗಂಡನೂ ಹಾಗೇ ಕರೆಯುತ್ತಾನೆ. ಪೈಪಿನ ಜಿಡ್ಡು ಬಿಡಿಸಲು ಅವಳು ಅಲ್ಟ್ರಾಸಾನಿಕ್ ಮೆಷಿನ್ ಬಳಸುತ್ತಿದ್ದಳು.

ಅತ್ತೆಗೆ ಮಾತ್ರ ತಡೆಯಲಾಗಲಿಲ್ಲ. ಬೆಳಗ್ಗೆ ಸೊಸೆ ಸ್ನಾನಕ್ಕೆ ಹೋದದ್ದೇ ತಡ, ಹೋದ ಸಲದ್ದರಲ್ಲಿ ಉಳಿಸಿ ಬಚ್ಚಿಟ್ಟಿದ್ದ ಆಸಿಡ್ ಬಾಟಲಿ ತೆಗೆದು ಸಿಂಕಿಗೆ ಸುರಿದೇ ಬಿಟ್ಟರು. ಮೆಷಿನ್ ಬರುವಷ್ಟರಲ್ಲಿ ನೀರು ಇಳಿದರೆ ಸೊಸೆಯ ಬಾಯಿ ಮುಚ್ಚಿಸಬಹುದಲ್ಲ! ನೀರು ಜಪ್ಪಯ್ಯ ಅಂದರೂ ಇಳಿಯಲಿಲ್ಲ. ಕಿಟಕಿ ತೆರೆದು, ವಾಸನೆ ಹೋಗುವವರೆಗೂ ಅಲ್ಲೇ ನಿಂತರು. ಅತ್ತೆ ಕೆಟ್ಟವರಲ್ಲ, ಹಟದವರು. ನಗಬೇಡಿ, ಅಂಥವರು ನಮ್ಮ ನಿಮ್ಮ ಮನೆಯಲ್ಲೂ ಇದ್ದಾರೆ.

ಪೈಪಕ್ಕ ಬಂದವಳೇ ಕೇಳಿದಳು: "ಸಿಂಕಿಗೆ ಏನಾದ್ರೂ ಸುರಿದಿದ್ದೀರಾ? ಆಸಿಡ್, ಪೌಡರ್?"

"ಬರೀ ನೀರಮ್ಮ," ಎಂದರು ಅತ್ತೆ, ಗೋಡೆ ನೋಡುತ್ತ.

ಪೈಪಕ್ಕ ಮೆಷಿನ್ನಿನ ಉಕ್ಕಿನ ಕಡ್ಡಿಯನ್ನು ಚೀಲದಿಂದ ಹೊರತೆಗೆದಳು. "ಇದು ನೀರೊಳಗೆ ತುಂಬಾ ಜೋರಾಗಿ ನಡುಗುತ್ತೆ, ಆ ಶಬ್ದ ನಮ್ಮ ಕಿವಿಗೆ ಕೇಳ್ಸಲ್ಲ. ಸಣ್ಣ ಸಣ್ಣ ಗುಳ್ಳೆ ಎದ್ದು ಒಡೀತವೆ. ಆ ಏಟಿಗೆ ಪೈಪಿಗೆ ಅಂಟಿದ ಜಿಡ್ಡು ಬಿಡುತ್ತೆ."

"ನಾನು ಗಂಟಲು ಹರಿದು ಕೂಗಿದ್ರೂ ನನ್ನ ಮಗ ಹಾಸಿಗೆಯಿಂದ ಏಳಲ್ಲ," ಎಂದರು ಅತ್ತೆ. "ಕೇಳಿಸದ ಶಬ್ದಕ್ಕೆ ಜಿಡ್ಡು ಏಳುತ್ತಂತೆ!"

ಪೈಪಕ್ಕ ನಕ್ಕಳು. "ಎಲ್ಲದಕ್ಕೂ ಆಗಲ್ಲಮ್ಮ. ಬಟ್ಟೆನೋ ಚಮಚನೋ ಸಿಕ್ಕಿಕೊಂಡಿದ್ರೆ ಪೈಪ್ ಬಿಚ್ಚಲೇಬೇಕು. ಜಿಡ್ಡಿಗಾದ್ರೆ ಇದು ಸರಿ."

ಕಡ್ಡಿಯನ್ನು ನೀರಿಗಿಳಿಸಿ, ಒಳಗೆ ಸರಿಯಾಗಿ ಕಾಣಲೆಂದು ರಕ್ಷಣೆಯ ಕನ್ನಡಕವನ್ನು ಹಣೆಗೇರಿಸಿ ಬಗ್ಗಿದಳು. ಮುಖ ನೀರಿನ ಹತ್ತಿರಕ್ಕೆ ಹೋಯಿತು. ಬೆರಳು ಸ್ವಿಚ್ಚಿನ ಮೇಲಿತ್ತು.

ಅತ್ತೆ ಮುಂದಕ್ಕೆ ನುಗ್ಗಿದರು.

"ನಿಲ್ಲು ಮಗಳೇ! ಅದರಲ್ಲಿ ಆಸಿಡ್ ಇದೆ! ನಾನೇ ಸುರಿದೆ!"

ಪೈಪಕ್ಕ ಥಟ್ಟನೆ ಹಿಂದೆ ಸರಿದಳು. ಮುಖ ಬಿಳಿಚಿಕೊಂಡಿತ್ತು. "ಮೆಷಿನ್ ಶುರುವಾಗಿದ್ರೆ ನೀರು ಕಣ್ಣಿಗೇ ಚಿಮ್ಮುತ್ತಿತ್ತಮ್ಮ. ಕಣ್ಣು ಹೋದ್ರೆ ನನ್ನ ಗತಿ?"

ಅತ್ತೆ ನಾಚಿಕೆಯಿಂದ ಕುಗ್ಗಿಹೋದರು. ಕಣ್ಣಲ್ಲಿ ನೀರು ತುಂಬಿತು. ಪಕ್ಕದಲ್ಲೇ ನಿಂತಿದ್ದ ಸೊಸೆಗೆ ಸಿಟ್ಟು ಬಂದಿತ್ತು, ಆದರೂ ಅವರ ಕೈ ಹಿಡಿದುಕೊಂಡಳು. "ಹೊತ್ತಿಗೆ ಸರಿಯಾಗಿ ಬಾಯಿ ಬಿಟ್ರಲ್ಲ ಅತ್ತೆ, ಅಷ್ಟು ಸಾಕು."

ಅಂದು ಮೆಷಿನ್ ಓಡಲಿಲ್ಲ. ಪೈಪಕ್ಕ ಕನ್ನಡಕವನ್ನು ಹಣೆಯಿಂದ ಕಣ್ಣಿಗೆ ಇಳಿಸಿ, ರಬ್ಬರ್ ಕೈಗವಸು ತೊಟ್ಟು, ಆಸಿಡ್ ನೀರನ್ನೆಲ್ಲ ಜೋಪಾನವಾಗಿ ಹೊರತೆಗೆದಳು. ಮರುದಿನ ಬಂದು, ಹೊಸ ನೀರು ತುಂಬಿ ಕಡ್ಡಿ ಇಳಿಸಿದಳು. ಸ್ವಲ್ಪ ಹೊತ್ತಿಗೆ ಕಪ್ಪು ಜಿಡ್ಡು ತುಂಡು ತುಂಡಾಗಿ ಬಿಟ್ಟುಕೊಂಡು, ನೀರು ಗುಳುಗುಳು ಎಂದು ಇಳಿಯಿತು.

"ಇಂಥದ್ದೇ ಒಂದು ನನ್ನ ಮಗನ ಮಂಚಕ್ಕೂ ಕಟ್ಟಮ್ಮ," ಎಂದರು ಅತ್ತೆ. ಖಾಲಿ ಆಸಿಡ್ ಬಾಟಲಿಯನ್ನು ತಾವೇ ತಂದು ಪೈಪಕ್ಕನ ಮುಂದಿಟ್ಟರು. ಇನ್ನೊಂದು ಈ ಮನೆಯ ಹೊಸ್ತಿಲು ದಾಟುವುದಿಲ್ಲ ಎಂದರು.

ಅಕ್ಕಂದಿರೇ, ಅಣ್ಣಂದಿರೇ, ಬಾಣಲೆಯ ಜಿಡ್ಡನ್ನು ಕಾಗದದಲ್ಲಿ ಒರೆಸಿ ಕಸಕ್ಕೆ ಹಾಕಿ, ಸಿಂಕಿಗೆ ಬಿಡಬೇಡಿ. ಕಟ್ಟಿಕೊಂಡರೆ ಆಸಿಡ್ ಮುಟ್ಟದೆ, ಅಲ್ಟ್ರಾಸಾನಿಕ್ ಮೆಷಿನ್ ಬಳಸಲು ಕಲಿತವರನ್ನು ಕರೆಯಿರಿ. ಈಗಾಗಲೇ ಏನಾದರೂ ಸುರಿದಿದ್ದರೆ, ಅವರು ಕೇಳುವ ಮೊದಲೇ ಹೇಳಿಬಿಡಿ. ನಿಮ್ಮ ಸಿಂಕಿನ ಮೇಲೆ ಬಗ್ಗುವುದು ಇನ್ನೊಬ್ಬರ ಮನೆಮಗಳ ಮುಖ.