ಕುರುಡು ಬೆರಳು

ಚಳಿಗಾಲದ ಕೊನೆ, ಕುರಿಗಳು ಈಯುವ ಕಾಲ. ಬೆಳಗಿನಿಂದ ದೊಡ್ಡಿಗೆ ಒಣಹುಲ್ಲು ಹಾಸುತ್ತಿದ್ದ ಕುರಿಗಾಹಿ ನಡುವೆ ಒಳಗೆ ಬಂದು, ಒಲೆಯ ಮೇಲೆ ಕುದಿಯುತ್ತಿದ್ದ ನೀರಿನ ಪಾತ್ರೆಯನ್ನು ಇಳಿಸಲೆಂದು ಬರಿಯ ಎಡಗೈಯಲ್ಲೇ ಹಿಡಿದ. ಸುಟ್ಟ ವಾಸನೆ ಮೊದಲು ಬಂದದ್ದು ಹೆಂಡತಿಯ ಮೂಗಿಗೆ.

“ಕೈ ತೆಗೀರಿ, ಬೇಯ್ತಾ ಇದೆ.”

ಎಡ ಅಂಗೈಯಲ್ಲಿ ಬೊಬ್ಬೆ ಏಳುತ್ತಿತ್ತು. ನೋವು ಮಾತ್ರ ಪಕ್ಕದ ಮನೆಯವರದು ಎಂಬಂತೆ ಇವನತ್ತ ಸುಳಿಯಲಿಲ್ಲ. ಹೋದ ವರ್ಷದಿಂದ ಎರಡೂ ಕೈಯ ಬೆರಳು ಜೋಮು ಹಿಡಿದೇ ಇದ್ದವು. ಸಕ್ಕರೆ ಕಾಯಿಲೆ ಹೀಗೂ ಮಾಡುತ್ತದೆ, ಹೋದ ಸ್ಪರ್ಶ ಮರಳುವುದು ಕಷ್ಟ ಎಂದಿದ್ದರು ಡಾಕ್ಟರು. ಹೆಂಡತಿಯನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಮರಿ ಸಿಕ್ಕಿಕೊಂಡಾಗಲೆಲ್ಲ ಇವನನ್ನೇ ಕರೆದು ‘ಇವನ ಕೈಗೆ ಕಣ್ಣಿದೆ’ ಎನ್ನುವ ಊರಿಗೆ, ಆ ಕಣ್ಣು ಕುರುಡಾಯಿತೆಂದು ಯಾವ ಬಾಯಲ್ಲಿ ಹೇಳುವುದು?

ಬಟ್ಟೆ ಸುತ್ತುವಷ್ಟರಲ್ಲಿ ಪಕ್ಕದ ದೊಡ್ಡಿಯ ಹೆಂಗಸು ಓಡಿ ಬಂದಳು. ಹಿಂದೆ ಇವನು ಕಾಲು ಮುರಿದು ಮಲಗಿದ್ದಾಗ ಚಳಿಗಾಲವಿಡೀ ಇವನ ಹಿಂಡು ಕಾಯ್ದವಳು. ಆಮೇಲೆ ಅವಳ ಗಂಡ ತೀರಿಕೊಂಡ. ರೋಗ ಬಂದು ಅವಳ ಹಿಂಡೂ ಹೋಗಿ ಒಂದೇ ಕುರಿ ಉಳಿದಿತ್ತು.

“ಅಣ್ಣ, ನೀರಿನ ಚೀಲ ಒಡೆದು ಎಷ್ಟೋ ಹೊತ್ತಾಯ್ತು. ಮರಿ ಬರ್ತಿಲ್ಲ.”

ಹೆಂಡತಿ ಗಂಡನ ಮುಖ ನೋಡಿ, ಪಶುವೈದ್ಯರನ್ನು ಕರೆಸೋಣ ಎಂದಳು. ಅವರು ಬರುವಷ್ಟರಲ್ಲಿ ಸಂಜೆಯಾದೀತೆಂದು ಮೂವರಿಗೂ ತಿಳಿದಿತ್ತು. ಇವನು ಎದ್ದ. ಆ ಚಳಿಗಾಲದ ಋಣ ತೀರಿಸಲು ವರ್ಷಗಟ್ಟಲೆ ಕಾದಿದ್ದ.

ಅವಳ ದೊಡ್ಡಿಯಲ್ಲಿ ಸೋಪು ಹಚ್ಚಿ ಬಲಗೈಯನ್ನು ಕುರಿಯ ಒಳಗಿಟ್ಟ. ಅವಳಿ ಇರುವಂತಿತ್ತು. ಇಂಥಲ್ಲಿ ಸಿಕ್ಕ ಕಾಲನ್ನು ಹೆಗಲವರೆಗೆ ಸವರಿಕೊಂಡು ಹೋಗಬೇಕು; ಎರಡು ಕಾಲೂ ಒಂದೇ ಎದೆಗೆ ಸೇರಿದರೆ ಮಾತ್ರ ಎಳೆಯಬೇಕು. ಬೆರಳಿಗೆ ಬಾಯಿಪಾಠವಾಗಿದ್ದ ದಾರಿ. ಈಗ ದಪ್ಪ ಕೈಗವಸು ತೊಟ್ಟು ಹಿಟ್ಟು ನಾದಿದಂತೆ ಬರೀ ಒತ್ತಡ ತಿಳಿಯುತ್ತಿತ್ತು. ಮೊಣಕಾಲೋ ಗೊರಸೋ, ಈ ಮರಿಯದೋ ಆ ಮರಿಯದೋ! ಕಣ್ಣು ಮುಚ್ಚಿದ. ಮೊದಲೆಲ್ಲ ಹಾಗೆ ಮುಚ್ಚಿದರೆ ಒಳಗಿನದೆಲ್ಲ ಕಾಣುತ್ತಿತ್ತು.

“ಸಿಕ್ತಾ ಅಣ್ಣ?”

“ಸಿಕ್ತು” ಎಂದುಬಿಟ್ಟ.

ಎಳೆದ. ಬರಲಿಲ್ಲ. ಇನ್ನೂ ಜೋರಾಗಿ ಎಳೆದ. ಎರಡು ಕಾಲು ಹೊರಬಂದವು: ಒಂದು ಕಪ್ಪು, ಒಂದು ಬಿಳಿ. ಕೈಗೆ ತಿಳಿಯದ್ದು ಕಣ್ಣಿಗೆ ತಿಳಿಯಿತು. ಒಂದೊಂದು ಮರಿಯ ಒಂದೊಂದು ಕಾಲು ಹಿಡಿದು, ಎರಡನ್ನೂ ಒಟ್ಟಿಗೇ ಬಾಗಿಲಿಗೆ ಸಿಕ್ಕಿಸಿದ್ದ. ಹಿಂದಕ್ಕೆ ದೂಡಿ ಬಿಡಿಸಲು ಹೆಣಗುತ್ತಿರುವಾಗಲೇ ಕುರಿ ಕೂಗುವುದನ್ನು ನಿಲ್ಲಿಸಿತು; ಮರಿಗಳ ಕಾಲೂ ಮಿಸುಕದಾದವು.

“ನನ್ನ ಕೈಗೆ ಏನೂ ತಿಳಿಯಲ್ಲ, ತಂಗಿ. ಮೊದಲೇ ಹೇಳಬೇಕಿತ್ತು.”

ಅವಳು ಬೈಯಲಿಲ್ಲ. ಕುರಿಯ ಕಿವಿ ಹಿಡಿದು, ತಣ್ಣಗಾಗ್ತಿದೆ ಎಂದಳು. ಇವನೂ ಹಿಡಿದು ನೋಡಿದ. ಕಿವಿ ಇವನಿಗೆ ಏನನ್ನೂ ಹೇಳಲಿಲ್ಲ; ಅವಳ ಮಾತನ್ನೇ ನಂಬಬೇಕಾಯಿತು.

ಆಮೇಲೆ ಅವಳು ಒಳಗಿನಿಂದ ನೀರು ತಂದು, ರಕ್ತವಾದ ಅವನ ಕೈ ಮೇಲೆ ಸುರಿಯತೊಡಗಿದಳು. ಹಳೆಯ ಋಣ ಹಾಗೇ ಇತ್ತು, ಅದರ ಮೇಲೆ ಇದೊಂದು ಹೊಸದು.

“ಬಿಸಿ ಜಾಸ್ತಿ ಆಯ್ತಾ ಅಣ್ಣ?”

ಕೈಯಿಂದ ಆವಿ ಏಳುವುದನ್ನು ಅವನು ನೋಡುತ್ತ ನಿಂತ.

“ನೀನೇ ಮುಟ್ಟಿ ನೋಡು ತಂಗಿ” ಎಂದ.