ಹೊಗೆಸೊಪ್ಪಿನ ಗೋಣಿತಾಟು

ನಮ್ಮ ಮಾವ ವೆಂಕಟರಾಯಪ್ಪನವರು ಚಿಲುಮೆಗೆ ಅಂಗಡಿ ಪುಡಿ ತುಂಬಿದವರಲ್ಲ. ಮುಳಬಾಗಿಲಿನ ಸಂತೆಯಿಂದ ಇಡೀ ಎಲೆಯ ಹೊಗೆಸೊಪ್ಪು ತಂದು, ನಡುನರ ಬಿಡಿಸಿ, ಬೆಲ್ಲದ ನೀರು ಚಿಮುಕಿಸಿ, ಎಲೆ ಮೇಲೆ ಎಲೆ ಜೋಡಿಸಿ ಒದ್ದೆ ಗೋಣಿತಾಟಿನಲ್ಲಿ ಸುತ್ತುವರು. ಎರಡು ಹಲಗೆಗಳ ನಡುವೆ ಇಟ್ಟು ಮೇಲೆ ಕಲ್ಲು ಹೇರುವರು. ಅದು ಹುಣಸೆಹಣ್ಣಿನ ಉಂಡೆಯ ಹಾಗೆ ಕಪ್ಪಗೆ ಗಟ್ಟಿಯಾದ ಮೇಲೆ ತೆಳ್ಳಗೆ ಹೆರೆದು ಸೇದುವುದು.

ಆದರೆ ರೇಷ್ಮೆ ಹುಳು ಇರುವಾಗ ಹೊಗೆಸೊಪ್ಪು ಹೊಸಲು ದಾಟುವಂತಿಲ್ಲ. ಅದರ ಸೋಂಕು ತಗುಲಿದರೆ ಹುಳು ಉಳಿಯುವುದಿಲ್ಲ. ನನಗೆ ಇದನ್ನು ಕಲಿಸಿದವರೇ ಮಾವ. ಒಂದು ಬೆಳೆ ಮುಗಿದು ಇನ್ನೊಂದು ಶುರುವಾಗುವ ಮಧ್ಯೆ ಮಾತ್ರ ಅವರು ಹೊಗೆಸೊಪ್ಪು ಒತ್ತುತ್ತಿದ್ದರು.

ಈ ಸಲ ಕಾಯಲಿಲ್ಲ. ಗಂಟಲ ಕ್ಯಾನ್ಸರಿಗೆ ಕರೆಂಟು ಇಡಿಸಿಕೊಂಡು ಬಂದ ಮೇಲೆ, ಇನ್ನು ಮಾಡುವುದೇನೂ ಇಲ್ಲ, ಕೇಳಿದ್ದು ಕೊಡಿ ಎಂದು ಡಾಕ್ಟರು ಹೇಳಿ ಕಳಿಸಿದ್ದರು.

"ಒಂದ್ಸಲ ಒತ್ತಿಬಿಡ್ತೀನಿ ಅಮ್ಮಾಯಿ" ಅಂದರು.

"ಹುಳ ಮೂರನೇ ಜ್ವರ ಎದ್ದೈತೆ ಮಾವ. ಗೂಡು ಕಟ್ಟಲಿ, ಆಮೇಲೆ." ಹುಳು ಮೇವು ಬಿಟ್ಟು ಪೊರೆ ಕಳಚುವುದಕ್ಕೆ ನಾವು ಜ್ವರ ಅನ್ನುತ್ತೇವೆ; ಅಂಥ ನಾಲ್ಕು ಜ್ವರ ಎದ್ದ ಮೇಲೆಯೇ ಗೂಡು.

"ನಿನ್ನ ಹುಳಕ್ಕಿರೋ ಮರ್ಯಾದೆ ನಂಗಿಲ್ಲ."

"ಅವು ಗೂಡು ಕಟ್ತವೆ. ನೀವೇನು ಕಟ್ತೀರ?"

ನಕ್ಕರು. ನಕ್ಕು ಕೆಮ್ಮಿದರು. "ಗೂಡು ಕಟ್ಟೋವರ್ಗೂ ನಾನಿರಲ್ಲ ಕಣಮ್ಮ" ಅಂದರು, ಬಸ್ಸು ತಪ್ಪುತ್ತದೆ ಅನ್ನುವ ಹಾಗೆ.

ನನಗೆ ಈ ಬೆಳೆ ಬೇಕಾಗಿತ್ತು. ಹಿಂದಿನ ಎರಡೂ ಕೆಟ್ಟಿದ್ದವು. ಮಾಲೂರಿನ ಇಟ್ಟಿಗೆ ಫ್ಯಾಕ್ಟರಿಯಲ್ಲಿ ದುಡಿಯುವ ನನ್ನ ಗಂಡ ಅಮರನಾಥ್, ಇದೂ ಹೋದರೆ ಹಿಪ್ಪುನೇರಳೆ ತೋಟ ಕೀಳಿಸಿಬಿಡುತ್ತೇನೆ, ನೀನೂ ರಮ್ಯಳೂ ಮಾಲೂರಿಗೆ ಬಂದುಬಿಡಿ ಎಂದಿದ್ದರು. ಫ್ಯಾಕ್ಟರಿಯ ಸಾಲುಮನೆ ನಾನು ನೋಡಿದ್ದೇನೆ. ಹತ್ತನೇ ಕ್ಲಾಸಿನ ಮಗಳನ್ನು ಅಲ್ಲಿಗೆ ಕರೆದೊಯ್ಯಲು ನನಗೆ ಮನಸ್ಸಿರಲಿಲ್ಲ.

ಆದರೂ ಒಪ್ಪಿದೆ. ಹುಳುಮನೆಯಿಂದ ದೂರ, ಪಂಪ್‌ಸೆಟ್ ಮನೆಯಲ್ಲಿ ಮಾವ ಕೂತು ಹೇಳಿಕೊಟ್ಟರು, ನಾನು ಒತ್ತಿದೆ. ಪ್ರತಿ ಸಲವೂ ಸೋಪು ಹಚ್ಚಿ ಮೈ ತೊಳೆದು, ಸೀರೆ ಬದಲಿಸಿಯೇ ಹುಳುಮನೆಗೆ ಹೋದೆ. ನಡುವೆ ಒಮ್ಮೆ ಕಟ್ಟು ಬಿಚ್ಚಿ, ಒಣಬಟ್ಟೆಯಲ್ಲಿ ಮತ್ತೆ ಬಿಗಿಯಬೇಕು. ಅವತ್ತು ಮಾವ ಏಳಲಾಗದೆ ಮಲಗಿದ್ದರು, ನಾನೊಬ್ಬಳೇ ಬಿಗಿದೆ. ರಸ ಕುಡಿದಿದ್ದ ಗೋಣಿತಾಟನ್ನು ಬೇಲಿ ಮೇಲೆ ಎಸೆದೆ, ಒಣಗಿದರೆ ಸುಡೋಣ ಎಂದು.

ನಾಲ್ಕನೇ ಜ್ವರ ಎದ್ದ ಹುಳುವಿನ ಹಸಿವು ಕಂಡವರಿಗೇ ಗೊತ್ತು. ಕೊಯ್ದಷ್ಟೂ ಹಿಪ್ಪುನೇರಳೆ ಸೊಪ್ಪು ಸಾಲದು. ನಾನು ತೋಟದಲ್ಲಿ ಕೊಯ್ಯುತ್ತಿದ್ದಾಗ, ಜಗಲಿಯ ಮೇಲೆ ಹಾಕಿದ್ದ ಸೊಪ್ಪು ಬಿಸಿಲಿಗೆ ಬಾಡುತ್ತಿರುವುದನ್ನು ಮಾವ ನೋಡಿದ್ದಾರೆ. ಸೊಪ್ಪಿನ ಮೇಲೆ ಒದ್ದೆ ತಾಟು ಹೊದಿಸುವುದು ನಮ್ಮ ಮನೆ ವಾಡಿಕೆ. ಗೋಡೆ ಹಿಡಿದುಕೊಂಡು ಹೋಗಿ ಬೇಲಿ ಮೇಲಿದ್ದ ತಾಟು ತಂದು, ತೊಟ್ಟಿಯಲ್ಲಿ ಅದ್ದಿ ಹೊದಿಸಿದ್ದಾರೆ. ಮೊದಲಾಗಿದ್ದರೆ ನಾಲ್ಕು ಮಾರು ದೂರದಿಂದಲೇ ಹೊಗೆಸೊಪ್ಪಿನ ವಾಸನೆ ಹಿಡಿಯುತ್ತಿದ್ದ ಮನುಷ್ಯ. ಕರೆಂಟು ಇಟ್ಟ ಮೇಲೆ ಮೂಗು ಸತ್ತಿತ್ತು. ಅದನ್ನು ಅವರು ಯಾರಿಗೂ ಹೇಳಿರಲಿಲ್ಲ.

ನಾನು ಬರುವಷ್ಟರಲ್ಲಿ ರಮ್ಯ ಆ ಸೊಪ್ಪನ್ನು ಹುಳುವಿನ ಎಲ್ಲಾ ತಟ್ಟೆಗಳಿಗೂ ಹಾಕಿಬಿಟ್ಟಿದ್ದಳು.

ಸಂಜೆಗೆ ಹುಳು ಮೇಯುವ ಸದ್ದು ನಿಂತಿತು. ತಲೆ ಎತ್ತಿಕೊಂಡು ಅತ್ತ ಇತ್ತ ತೂಗಾಡುತ್ತಿದ್ದವು. ಬಾಯಿಂದ ಹಸಿರು ನೀರು ಬರುತ್ತಿತ್ತು. ಜಗಲಿಗೆ ಬಂದು ತಾಟು ಎತ್ತಿ ಮೂಸಿದೆ. ಅದನ್ನು ಹೊದಿಸಿದ್ದು ತಾತ ಎಂದು ರಮ್ಯ ಹೇಳಿದಳು. ಅವಳ ಬಾಯಿ ಮುಚ್ಚಿಸಿ ತಾಟನ್ನು ಒಲೆಗೆ ಹಾಕಿದೆ.

ಫೋನು ಮಾಡಿದ್ದಕ್ಕೆ ಅಮರನಾಥ್ ಬೆಳಗಿನ ಬಸ್ಸಿಗೆ ಬಂದರು. ತಟ್ಟೆಗಳನ್ನು ನೋಡಿ, "ಏನಾಯ್ತು?" ಅಂದರು.

"ಸಪ್ಪೆ ರೋಗ" ಅಂದೆ, ಹುಳುವಿಗೆ ತಾನಾಗಿ ಬರುವ ರೋಗದ ಹೆಸರು ಹೇಳಿ.

ಬಾಗಿಲಲ್ಲಿ ಮಾವ ನಿಂತಿದ್ದರು. ಒಂದು ಹುಳುವನ್ನು ಅಂಗೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದರು. "ಸಪ್ಪೆ ಅಲ್ಲ ಕಣೋ" ಅಂದರು. "ಹೊಗೆಸೊಪ್ಪು. ತಾಟು ಹೊದಿಸ್ದೋನು ನಾನು."

"ಹೋಗಿ ಮಲ್ಕೋ ನಾಯ್ನ" ಅಂದರು ಅಮರನಾಥ್ ಅಪ್ಪನಿಗೆ. ಬೈಯಲಿಲ್ಲ. ಬೈದಿದ್ದರೆ ಮಾವನವರಿಗೆ ಹಗುರವಾಗುತ್ತಿತ್ತೇನೋ. ಅವರು ಹೋಗಿ ಗೋಡೆ ಕಡೆ ಮುಖ ಮಾಡಿ ಮಲಗಿದರು. ಒತ್ತಿದ್ದನ್ನು ಹೆರೆದು ಚಿಲುಮೆ ತುಂಬಿಸಿಕೊಡಲಾ ಎಂದು ಕೇಳಿದೆ, ಕೈಯಾಡಿಸಿ ಬೇಡವೆಂದರು.

ಮಧ್ಯಾಹ್ನಕ್ಕೆ ತೋಟ ಕೀಳಲು ಟ್ರ್ಯಾಕ್ಟರು ಬಂತು. ಸಾಲಿನ ಕೆಳಗೆ ನೀರಿನ ಪೈಪು ಎಲ್ಲಿ ಹೋಗಿದೆ ಎಂದು ಡ್ರೈವರು ಕೇಳಿದ. ನನ್ನನ್ನು ಬಿಟ್ಟರೆ ಅದು ಯಾರಿಗೂ ಗೊತ್ತಿರಲಿಲ್ಲ. ಮುಂದೆ ಮುಂದೆ ನಡೆದು ತೋರಿಸಿದೆ.