ರಬ್ಬರ್ ನುಂಗದ ಸದ್ದು

ಕೆಸರಿನ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಟಯರ್ ಅಂಗಡಿ ಇಟ್ಟುಕೊಂಡವನು ನಾನು. ಯಾವ ಗಾಡಿ ಯಾವ ಮಣ್ಣಿನಲ್ಲಿ ಹೂತುಕೊಳ್ಳುತ್ತದೆ, ಯಾವ ಟಯರ್ ಎಲ್ಲಿ ಜಾರುತ್ತದೆ ಎಂಬುದನ್ನು ನಿದ್ದೆಗಣ್ಣಿನಲ್ಲೂ ಹೇಳಬಲ್ಲೆ. ಹೀಗಿರುವಾಗ ಬಯಲಿನ ಸಂಗೀತ ಉತ್ಸವಕ್ಕೆ ಹೆಂಡತಿ ಹಾಕಿಕೊಂಡು ಹೋಗಲು ಒಂದು ಜೊತೆ ಪಾದರಕ್ಷೆ ಆರಿಸುವುದು ನನಗೆ ಯಾವ ಲೆಕ್ಕ ಎಂದುಕೊಂಡಿದ್ದೆ. ಆ ಜಂಬವನ್ನು ಅವಳು ಚಪ್ಪಲಿ ಅಂಗಡಿಯಲ್ಲೇ ಇಳಿಸಿಬಿಟ್ಟಳು.

ಉತ್ಸವ ನಡೆಯುವುದು ಊರಾಚೆಯ ದೊಡ್ಡ ಹುಲ್ಲುಗಾವಲಿನಲ್ಲಿ. ಆ ವಾರವೆಲ್ಲ ಮಳೆ ಹಿಡಿದ ಹಟ ಬಿಡದೆ ಸುರಿದು, ಹುಲ್ಲು ಎಲ್ಲಿ ಮುಗಿಯುತ್ತದೆ ಕೊಚ್ಚೆ ಎಲ್ಲಿ ಶುರುವಾಗುತ್ತದೆ ಎಂದು ತಿಳಿಯದ ಹಾಗಾಗಿತ್ತು. ಆದರೂ ಹೋಗಲೇಬೇಕಿತ್ತು. ನಮ್ಮ ಮಗಳು ಅಲ್ಲಿ ಮೊದಲ ಸಲ ದೊಡ್ಡ ವೇದಿಕೆ ಹತ್ತಿ ಡ್ರಮ್ ಬಾರಿಸುವವಳಿದ್ದಳು. ಮನೆಯಲ್ಲಿ ಅವಳಿಗೆ ನಾವಿಟ್ಟ ಹೆಸರು ಗುಡುಗಮ್ಮ. ಕೂತಲ್ಲಿ ಕೂರದೆ ಊಟದ ಮೇಜನ್ನೂ ಬಿಡದೆ ಬಡಿಯುತ್ತಿದ್ದ ಹುಡುಗಿಗೆ ಬೇರೆ ಹೆಸರು ಒಪ್ಪುತ್ತಲೂ ಇರಲಿಲ್ಲ.

ನನ್ನ ಹೆಂಡತಿಗೆ ಕಿವಿ ಕೇಳಿಸುವುದಿಲ್ಲ. ಕೆಲವು ವರ್ಷದ ಹಿಂದೆ ಕೆಟ್ಟ ಜ್ವರವೊಂದು ಬಂದು, ಹೋಗುವಾಗ ಎರಡೂ ಕಿವಿಯನ್ನು ಜೊತೆಗೆ ಕೊಂಡೊಯ್ದಿತು. ಮಾತೇನೋ ಮೊದಲಿನಷ್ಟೇ ಚುರುಕು. ಎದುರಿನವರ ತುಟಿ ನೋಡಿಯೇ ಹೇಳಿದ್ದನ್ನು ಹಿಡಿದುಬಿಡುತ್ತಾಳೆ. ನಾನು ಮುದ್ದಿನಿಂದ ಸಾಕಿಕೊಂಡಿದ್ದ ಮೀಸೆಯನ್ನು ಬೋಳಿಸಿದ್ದು ಅದಕ್ಕೇ. ಬೋಳಿಸಿಕೊಂಡು ಬಂದ ದಿನ ಅವಳು ನನ್ನ ಮುಖವನ್ನು ತುಂಬ ಹೊತ್ತು ನೋಡಿ, "ಇನ್ಮೇಲೆ ಸುಳ್ಳು ಹೇಳೋದು ಕಷ್ಟ ಬಿಡಿ ನಿಮಗೆ" ಎಂದಿದ್ದಳು. ಆಮೇಲೆ ಒಳಗೆ ಹೋಗಿ ಅತ್ತಳೆಂದು ಮಗಳು ಹೇಳಿದಳು.

ಗುಡುಗಮ್ಮ ಡ್ರಮ್ ಕಲಿಯಲು ಶುರು ಮಾಡಿದ್ದು ಆ ಜ್ವರದ ಮಾರನೆಯ ವರ್ಷ. ಹಾಗಾಗಿ ಅವಳು ಬಾರಿಸುವುದನ್ನು ಅವಳ ಅಮ್ಮ ಒಂದು ದಿನವೂ ಕೇಳಿಲ್ಲ. ನೆಲದ ಅದುರಾದರೂ ಸಿಗಬಹುದಿತ್ತು, ಅದಕ್ಕೂ ನಾನೇ ಕಲ್ಲು ಹಾಕಿದ್ದೆ. ಕೆಳಗಿನ ಮನೆಯವರು ದಿನಾ ಬಂದು ಬಾಯಿ ಬಡಿದುಕೊಳ್ಳುತ್ತಿದ್ದರೆಂದು, ಅಂಗಡಿಯಿಂದ ದಪ್ಪ ರಬ್ಬರ್ ತಂದು ಡ್ರಮ್ಮುಗಳ ಮೇಲೂ ಕೆಳಗೂ ಹಾಸಿಕೊಟ್ಟೆ. ಮಗಳು ಬಾರಿಸುತ್ತಿದ್ದಳು, ಅವಳಮ್ಮ ಎದುರಿಗೆ ಕುರ್ಚಿ ಹಾಕಿಕೊಂಡು ಕಡ್ಡಿಗಳು ಮೇಲೆ ಕೆಳಗೆ ಹೋಗುವುದನ್ನು ನೋಡುತ್ತಿದ್ದಳು. ಮುಗಿದ ಮೇಲೆ ಪ್ರತಿ ಸಲವೂ ಒಂದೇ ಮಾತು: "ಚೆನ್ನಾಗಿತ್ತು."

ಒಮ್ಮೆ ಮಗಳು ನನ್ನ ಅಂಗಡಿಗೆ ಬಂದು, ಹಳೇ ಟಯರಿನ ಮೇಲೆ ಕೂತು ಗೊಳೋ ಎಂದಳು. "ಅಪ್ಪ, ನಾನು ತಲೆಕೆಳಗಾಗಿ ಬಾರಿಸಿದ್ರೂ ಅಮ್ಮ ಚೆನ್ನಾಗಿತ್ತು ಅಂತಾಳೆ. ಚಿಕ್ಕೋಳಿದ್ದಾಗ ಒಂದು ಪದ್ಯ ತಪ್ಪು ಹೇಳಿದ್ರೂ ಅಡುಗೆಮನೆಯಿಂದಾನೇ ತಿದ್ತಿದ್ಲು. ಈಗ ಹೊಗಳ್ತಾಳೆ. ಆ ಹೊಗಳಿಕೆ ಕೇಳೋಕೇ ಆಗಲ್ಲ ನಂಗೆ."

ಅದೇ ವಾರ ಅವಳಮ್ಮ ಬಟ್ಟೆ ಮಡಿಸುತ್ತ ಕೂತಿದ್ದವಳು ತಾನಾಗಿಯೇ ಹೇಳಿದಳು: "ನನ್ನ ಮಗಳು ಏನು ಬಾರಿಸ್ತಾಳೆ ಅಂತ ನಂಗೆ ಒಂದೇ ಒಂದು ಸಲ ಗೊತ್ತಾಗ್ಬೇಕು ರೀ. ಸುಮ್ನೆ ಚೆನ್ನಾಗಿತ್ತು ಅಂದು ಅಂದು ನಾಲಿಗೆ ಸವೀತು." ಇಬ್ಬರ ಮಾತನ್ನೂ ಹೊಟ್ಟೆಯಲ್ಲಿ ಇಟ್ಟುಕೊಂಡು ನಾನು ಓಡಾಡುತ್ತಿದ್ದೆ.

ಈಗ ಚಪ್ಪಲಿ ಅಂಗಡಿಗೆ ಬರೋಣ. ಒಳಗೆ ಕಾಲಿಟ್ಟವನೇ ನಾನು ನೇರ ಗಂಬೂಟುಗಳ ಸಾಲಿಗೆ ಹೋದೆ. ಒಂದೊಂದನ್ನೇ ತಿರುಗಿಸಿ ಅಡಿಭಾಗ ನೋಡಿದೆ, ಉಗುರು ಒತ್ತಿ ನೋಡಿದೆ, ಮೂಸಿಯೂ ನೋಡಿದೆ. ಅಂಗಡಿಯ ಹುಡುಗಿ ನಗು ತಡೆದುಕೊಂಡು ನಿಂತಿದ್ದಳು. ಕೊನೆಗೆ ಒಂದು ಜೊತೆ ಮನಸ್ಸಿಗೆ ಬಂತು. ಅಡಿಯಲ್ಲಿ ಟ್ರಾಕ್ಟರ್ ಟಯರಿನಂಥ ಹಲ್ಲುಗಳು, ದಪ್ಪ ರಬ್ಬರು, ಮೊಣಕಾಲಿನವರೆಗೆ ಎತ್ತರ. ಹೆಂಡತಿಗೆ ತೊಡಿಸಿ, ಅವಳೆದುರು ಕುಕ್ಕರಗಾಲಿನಲ್ಲಿ ಕೂತು ಮುಖವೆತ್ತಿ ಹೇಳಿದೆ: "ಇದಪ್ಪಾ ಮಾಲು ಅಂದ್ರೆ! ಪಕ್ಕದಲ್ಲಿ ಲೋಡ್ ಲಾರಿ ಹೋದ್ರೂ ನಿನ್ನ ಕಾಲಿಗೆ ಒಂಚೂರೂ ಗೊತ್ತಾಗಲ್ಲ."

ಅವಳ ಮುಖ ಸಪ್ಪಗಾಯಿತು. ಗಂಬೂಟು ಕಳಚಿಟ್ಟಳು. ಇನ್ನೊಂದು ತೆಗೆಸಿದೆ, ಅದೂ ಬೇಡ. ಬಣ್ಣ ಹಿಡಿಸಲಿಲ್ಲವೇನೋ ಎಂದು ಕೆಂಪು ತೆಗೆಸಿದೆ, ಹಳದಿ ತೆಗೆಸಿದೆ. ಅವಳು ಹಾಕಿಕೊಳ್ಳುವುದು, ಎರಡು ಹೆಜ್ಜೆ ಇಡುವುದು, ತಲೆಯಾಡಿಸಿ ಕಳಚುವುದು. ಆಮೇಲೆ ಮೂಲೆಯಲ್ಲಿದ್ದ ತೆಳ್ಳನೆಯ ಬಟ್ಟೆ ಶೂ ಒಂದನ್ನು ಎತ್ತಿಕೊಂಡಳು. ನನಗೆ ಪಿತ್ತ ನೆತ್ತಿಗೇರಿತು.

"ಅದನ್ನ ಹಾಕ್ಕೊಂಡು ಕೆಸರಿಗೆ ಇಳೀತೀಯಾ? ಒಂದೇ ಹೆಜ್ಜೆಗೆ ಶೂ ಒಳಗೇ ಉಳ್ಕೊಳ್ಳುತ್ತೆ, ಕಾಲು ಮಾತ್ರ ಮೇಲೆ ಬರುತ್ತೆ!"

"ಕಿರುಚಬೇಡಿ, ನಂಗೆ ಕೇಳಿಸಲ್ಲ" ಎಂದಳು ಅವಳು. ಅಂಗಡಿಯ ಹುಡುಗಿ ಆ ಕಡೆ ತಿರುಗಿಕೊಂಡಳು. "ಬನ್ನಿ ಇಲ್ಲಿ. ನನ್ನ ಪಕ್ಕ ನಿಂತ್ಕೊಂಡು ನೆಲಾನ ಜೋರಾಗಿ ತುಳೀರಿ."

"ಇಲ್ಲೇನಾ? ಜನ ಏನಂದ್ಕೊಳ್ತಾರೆ?"

"ತುಳೀರಿ ಅಂದ್ನಲ್ಲಾ."

ಅವಳು ಮತ್ತೆ ನನ್ನ ಮೆಚ್ಚಿನ ಗಂಬೂಟಿನೊಳಗೆ ಕಾಲು ತೂರಿಸಿ, ಕಣ್ಣು ಮುಚ್ಚಿ ನಿಂತಳು. ಅಂಗಡಿಯದು ಮರದ ನೆಲ. ಇದ್ದ ಮರ್ಯಾದೆಯನ್ನೆಲ್ಲ ಪಕ್ಕಕ್ಕಿಟ್ಟು ಧಡ್ ಧಡ್ ಎಂದು ತುಳಿದೆ. ಅವಳು ಇಲ್ಲವೆಂದು ತಲೆಯಾಡಿಸಿದಳು. ಗಂಬೂಟು ಬಿಚ್ಚಿ ಬರಿಗಾಲಿನಲ್ಲಿ ನಿಂತು, "ಈಗ" ಎಂದಳು. ಮತ್ತೆ ತುಳಿದೆ. ಈ ಸಲ ಮುಚ್ಚಿದ ಕಣ್ಣಿನಲ್ಲೇ ಅವಳ ಮುಖ ಅರಳಿತು. ನಾನು ಬೇಕೆಂದೇ ಒಮ್ಮೆ ಬೇಗ, ಒಮ್ಮೆ ನಿಧಾನ ತುಳಿದೆ. ಅವಳ ಬೆರಳುಗಳು ತೊಡೆಯ ಮೇಲೆ ಅದೇ ಲೆಕ್ಕ ಹಿಡಿದವು.

"ನಿಮ್ಮ ರಬ್ಬರ್ ನನ್ನ ಮಗಳನ್ನ ನುಂಗಿಬಿಡುತ್ತೆ ರೀ" ಎಂದಳು ಕಣ್ಣು ತೆರೆದು.

ನಾನು ಇಂಗು ತಿಂದ ಮಂಗನ ಹಾಗೆ ನಿಂತೆ. ರಬ್ಬರಿನ ಕೆಲಸವೇ ಅದುರು ನುಂಗುವುದು. ಅದನ್ನೇ ದೊಡ್ಡ ಗುಣವೆಂದು ಇಷ್ಟು ಕಾಲ ಗಿರಾಕಿಗಳಿಗೆ ಹೊಗಳಿ ಹೊಗಳಿ ಮಾರಿದವನು ನಾನು. ಅವಳಿಗೆ ಬೇಕಾದದ್ದು ಮಾತ್ರ ಆ ಅದುರೇ ಆಗಿತ್ತು.

ಆದರೆ ಬರಿಗಾಲಿನಲ್ಲಿ ಕಳಿಸುವುದು ಹೇಗೆ? "ಬಯಲಲ್ಲಿ ಏನೇನು ಬಿದ್ದಿರುತ್ತೆ ಅಂತ ನಿಂಗೇನು ಗೊತ್ತು? ದಿನಾ ಟಯರಿಂದ ಕೀಳೋನು ನಾನು. ಮೊಳೆ, ಗಾಜು, ತಂತಿ" ಎಂದೆ. ಮನೆಯ ಹವಾಯಿ ಚಪ್ಪಲಿ ಸಾಕಲ್ಲ ಎಂದಳು. ಅದನ್ನು ಹಾಕಿಕೊಂಡು ಕೆಸರಿನಲ್ಲಿ ನಡೆದರೆ ಹಿಂದಿನಿಂದ ಬೆನ್ನಿನವರೆಗೂ ಚಿತ್ತಾರ ಬಿಡಿಸಿಕೊಂಡಂತೆ. ಕಡೆಗೆ ನಡೆಯುವುದಕ್ಕಾದರೂ ಇರಲಿ ಎಂದು ಗಂಬೂಟನ್ನೇ ಕೊಂಡೆವು. ದಾರಿಯುದ್ದಕ್ಕೂ ಅವಳು ಆ ಪೊಟ್ಟಣವನ್ನು ಬೇಡದ ನೆಂಟರ ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

ಮಾರನೆಯ ಬೆಳಿಗ್ಗೆ ಅಂಗಡಿಯ ಮುಂದೆ ಕಾರೊಂದು ಪಂಕ್ಚರಾಗಿ ನಿಂತಿತು. ಮಣ್ಣು ಮೆತ್ತಗಾಗಿ ಜಾಕ್ ಏರಿಸಿದಷ್ಟೂ ಒಳಗಿಳಿಯುತ್ತಿತ್ತು. ಅಂಥ ಕಡೆ ನಾವು ಜಾಕಿನ ಅಡಿಗೆ ಒಂದು ದಪ್ಪ ಹಲಗೆ ಕೊಡುತ್ತೇವೆ, ಆಗ ಅದು ನಿಲ್ಲುತ್ತದೆ. ಹಲಗೆ ಎಳೆದು ತಂದು ಇಟ್ಟವನು ಅದನ್ನೇ ನೋಡುತ್ತ ಕೂತೆ. ಕಾರಿನವರು ಎರಡು ಸಲ ಕರೆಯಬೇಕಾಯಿತು.

ಉತ್ಸವದ ದಿನ ಮಧ್ಯಾಹ್ನ ನಾನು ಆ ಹಲಗೆಯನ್ನು ತೊಳೆದು, ಹೆಗಲ ಮೇಲೆ ಹೊತ್ತುಕೊಂಡು ಬಯಲಿಗೆ ಇಳಿದೆ. ಹಿಂದೆ ಗಂಬೂಟು ತೊಟ್ಟ ಹೆಂಡತಿ. ಸುತ್ತಲೂ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡ ಕಾಲುಗಳು, ಒಂದೇ ಚಪ್ಪಲಿ ಉಳಿದವರು, ಎರಡನ್ನೂ ಕೈಯಲ್ಲಿ ಹಿಡಿದವರು. ಬಾಗಿಲಲ್ಲಿ ಕಾವಲಿನವನು ಹಲಗೆ ನೋಡಿ ತಡೆದ. "ಇದೇನು?" ಎಂದ. "ಇವಳ ಪಾದರಕ್ಷೆ" ಎಂದೆ. ಅವನು ನಮ್ಮಿಬ್ಬರನ್ನೂ ನೋಡಿ, ಇವರ ಸಹವಾಸವೇ ಬೇಡವೆಂಬಂತೆ ಕೈ ಬೀಸಿ ಒಳಗೆ ಬಿಟ್ಟ.

ವೇದಿಕೆಯ ಪಕ್ಕ ಆಳೆತ್ತರದ ಸ್ಪೀಕರುಗಳನ್ನು ಮರದ ಅಟ್ಟಣೆಯ ಮೇಲೆ ಪೇರಿಸಿದ್ದರು. ಅದರೆದುರು ಕೆಸರಿನ ಮೇಲೆ ಹಲಗೆ ಹಾಸಿದೆ. ಹೆಂಡತಿ ನನ್ನ ಭುಜ ಹಿಡಿದು ಗಂಬೂಟು ಕಳಚಿ, ಬರಿಗಾಲಿನಲ್ಲಿ ಹಲಗೆ ಏರಿ ನಿಂತಳು. ಮೇಲೆ ನಮ್ಮ ಗುಡುಗಮ್ಮ ಡ್ರಮ್ಮುಗಳ ನಡುವೆ ಕೂತು ಕಡ್ಡಿ ಎತ್ತಿದಳು.

ಮೊದಲ ಹಾಡು ಶುರುವಾಯಿತು. ನನ್ನ ಎದೆಗೂಡೇ ನಡುಗುವಷ್ಟು ಸದ್ದು. ಹೆಂಡತಿಯ ಮುಖ ನೋಡಿದೆ. ಏನೂ ಇಲ್ಲ. ಕಣ್ಣು ಮುಚ್ಚಿದಳು, ಕಾಲು ಸರಿಸಿದಳು, ಬಗ್ಗಿ ನೋಡಿದಳು. ಆಮೇಲೆ ನನ್ನತ್ತ ತಿರುಗಿ ಸಣ್ಣಗೆ ನಕ್ಕು, "ಪರವಾಗಿಲ್ಲ ಬಿಡಿ. ಎದೆಗೆ ಏನೋ ಗುಂಯ್ ಅಂತಿದೆ, ಅಷ್ಟೇ" ಎಂದಳು. ಆ 'ಪರವಾಗಿಲ್ಲ' ಕೇಳಿ ನನ್ನ ಜೀವವೇ ಬಾಡಿತು. ಹಲಗೆಯ ಕೆಳಗಿದ್ದದ್ದು ಮೆತ್ತನೆ ಕೊಚ್ಚೆ. ಅದೂ ರಬ್ಬರಿನ ತಮ್ಮನೇ ಎಂದು ಮೊದಲೇ ಹೊಳೆಯಬೇಕಿತ್ತು.

ಎರಡನೇ ಹಾಡಿಗೆ ನಾನು ಕೆಸರಿನಲ್ಲಿ ಮೊಣಕಾಲೂರಿದೆ. ಅವಳು ನಿಂತಿದ್ದ ಹಾಗೆಯೇ ಹಲಗೆಯನ್ನು ಎರಡೂ ಕೈಯಿಂದ ಸ್ಪೀಕರಿನ ಅಟ್ಟಣೆಯ ಕಡೆಗೆ ನೂಕಿದೆ. ಜಾರಿ ಅವಳು ನನ್ನ ತಲೆಗೂದಲನ್ನೇ ಹಿಡಿದುಕೊಂಡಳು. "ಏನ್ರೀ ಇದು, ಬೀಳಿಸ್ತೀರಾ!" ಎಂದು ಬೈಯುತ್ತಿರುವಾಗಲೇ ಹಲಗೆಯ ತುದಿ ಅಟ್ಟಣೆಯ ಮರಕ್ಕೆ ಹೋಗಿ ಗಟ್ಟಿಯಾಗಿ ತಾಗಿತು.

ಬೈಗುಳ ಅರ್ಧಕ್ಕೇ ನಿಂತಿತು.

ಅವಳ ಕಾಲಿನ ಬೆರಳುಗಳು ಹಲಗೆಯನ್ನು ಅವಚಿಕೊಂಡವು. ನನ್ನ ಕೂದಲು ಬಿಟ್ಟ ಕೈ ಭುಜಕ್ಕೆ ಇಳಿಯಿತು, ಇಳಿದು ಅಲ್ಲೇ ತಾಳ ಹಾಕತೊಡಗಿತು. ಮೇಲೆ ಮಗಳ ಕಾಲು ದೊಡ್ಡ ಡ್ರಮ್ಮಿನ ಪೆಡಲ್ ತುಳಿದಾಗ ನನ್ನ ಭುಜದ ಮೇಲೆ ಒಂದು ಪೆಟ್ಟು, ಅವಳ ಕಡ್ಡಿ ಬಿದ್ದಾಗ ಇನ್ನೊಂದು. ಒಂದೂ ತಪ್ಪಲಿಲ್ಲ. ನಾನು ಎದ್ದರೆ ಎಲ್ಲಿ ಕೆಡುತ್ತದೋ ಎಂದು ಉಳಿದ ಹಾಡುಗಳಿಗೆಲ್ಲ ಹಾಗೇ ಮೊಣಕಾಲೂರಿಕೊಂಡು, ಮೂಗಿನ ತುದಿಯಿಂದ ನೀರು ಸುರಿಸುತ್ತ ಕೂತಿದ್ದೆ. ಅದು ಮಳೆಯ ನೀರೆಂದು ಹೇಳಿಕೊಳ್ಳಬಹುದಿತ್ತು, ಆದರೆ ಮಳೆ ಆಗಲೇ ನಿಂತಿತ್ತು.

ಮುಗಿದದ್ದೇ ಮಗಳು ಬೂಟನ್ನು ವೇದಿಕೆಯ ಮೇಲೇ ಬಿಟ್ಟು ಇಳಿದು ಓಡಿ ಬಂದಳು. ಬೆವರಿಗೆ ಕೂದಲು ಹಣೆಗೆ ಅಂಟಿತ್ತು. ನನ್ನ ಅವತಾರವನ್ನು ನೋಡಲೂ ಇಲ್ಲ. ಅಮ್ಮನೆದುರು ನಿಂತು, ತುಟಿ ಬಿಡಿಸಿ ಕೇಳಿದಳು: "ಹೇಗಿತ್ತಮ್ಮ?" ಕೇಳಿ, ಬರುವ ಉತ್ತರ ಗೊತ್ತಿದ್ದವಳಂತೆ ನಗುವೊಂದನ್ನು ಸಿದ್ಧ ಮಾಡಿಟ್ಟುಕೊಂಡಳು.

ಅವಳಮ್ಮ ಸೊಂಟಕ್ಕೆ ಕೈ ಕೊಟ್ಟಳು.

"ಮೂರನೇ ಹಾಡಲ್ಲಿ ಯಾಕೆ ಹಾಗೆ ಓಡಿದೆ? ಯಾರಾದ್ರೂ ಅಟ್ಟಿಸ್ಕೊಂಡು ಬಂದಿದ್ರಾ?"

ಮಗಳ ನಗು ಹಾಗೇ ನಿಂತಿತು. ನನ್ನತ್ತ ನೋಡಿದಳು. ನಾನು ಏನೂ ಹೇಳಿಕೊಟ್ಟಿಲ್ಲವೆಂದು ಎರಡೂ ಕೈ ಎತ್ತಿದೆ.

"ಶುರುವಿನಲ್ಲಿ ಎಷ್ಟು ಚಂದ ಹದ ಹಿಡಿದು ಬಾರಿಸ್ತಿದ್ದೆ" ಅವಳಮ್ಮ ಬಿಡಲಿಲ್ಲ. "ನಡುವೆ ಬಂತು ನೋಡು, ಅವಸರ. ಚಿಕ್ಕಂದಿನಿಂದ ಅದೇ ಬುದ್ಧಿ ನಿಂದು."

"ನಾನಲ್ಲಮ್ಮ!" ಮಗಳ ದನಿ ಒಡೆಯಿತು. ಕಣ್ಣಿನಿಂದ ಧಾರಾಕಾರ ಸುರಿಯುತ್ತಿತ್ತು, ಬಾಯಿ ಮಾತ್ರ ಜಗಳಕ್ಕೆ ನಿಂತಿತ್ತು. "ಗಿಟಾರ್‌ನವನು ಓಡಿಸಿದ್ದು! ನಾನು ಹಿಡಿದು ಹಿಡಿದು ಎಳೀತಿದ್ದೆ!"

"ಅವನ ಮೇಲೆ ಹಾಕ್ಬೇಡ. ಅವನು ನನ್ನ ಕಾಲಿಗೆ ಬಂದೇ ಇಲ್ಲ. ಬಂದಿದ್ದು ನೀನು."

ಮಗಳು ಕೆಸರನ್ನೂ ಲೆಕ್ಕಿಸದೆ ಅಮ್ಮನನ್ನು ಬಾಚಿ ತಬ್ಬಿಕೊಂಡಳು. ಆಮೇಲೆ ಇಬ್ಬರೂ ಕೈ ಕೈ ಹಿಡಿದು ನಮ್ಮ ಗಾಡಿಯ ಕಡೆ ಹೊರಟರು. ಮೊಳೆಯೂ ನೆನಪಿಲ್ಲ, ಗಾಜೂ ನೆನಪಿಲ್ಲ, ಇಬ್ಬರದ್ದೂ ಬರಿಗಾಲು. ನಾನು ಹಲಗೆ ಹೆಗಲಿಗೇರಿಸಿ, ಗಂಬೂಟು ಕಂಕುಳಲ್ಲಿ ಸಿಕ್ಕಿಸಿ, "ಕಾಲು ನೋಡ್ಕೊಂಡು ನಡೀರೇ" ಎಂದು ಕೂಗುತ್ತ ಹಿಂದೆ ಬಿದ್ದೆ. ಒಬ್ಬಳಿಗೆ ಕೇಳಿಸುವಂತಿರಲಿಲ್ಲ, ಇನ್ನೊಬ್ಬಳಿಗೆ ಕೇಳುವ ವ್ಯವಧಾನವಿರಲಿಲ್ಲ. ಮೂರನೇ ಹಾಡಿನ ಜಗಳ ಗಾಡಿ ಹತ್ತಿದರೂ ಮುಗಿಯಲಿಲ್ಲ. ಮುಗಿಯದಿರಲಿ ಎಂದುಕೊಂಡು ನಾನು ಸುತ್ತು ದಾರಿ ಹಿಡಿದೆ.